ಕೆಂಪಿಯ ಕೊರಳು

ಪ್ರಸನ್ನಕುಮಾರರಿಗೆ ಅರ್ಜೆಂಟಾಗಿ ಒಂದು ಕಂತ್ರಿ ನಾಯಿ ಬೇಕಾಗಿತ್ತು.

ಅವರ ಬಂಗಲೆಯಲ್ಲಿ ನಾಯಿಗಳಿಗೇನೂ ಬರ ಇರಲಿಲ್ಲ. ಲ್ಯಾಬ್ರಡಾರ್ ಇತ್ತು, ಜರ್ಮನ್ ಶೆಫರ್ಡ್ ಇತ್ತು, ಹೆಸರು ಹೇಳಲು ನಾಲಿಗೆ ಹೊರಳದ ಇನ್ನೊಂದು ರೋಮದ ಮುದ್ದೆಯೂ ಇತ್ತು. ಎಲ್ಲ ಜಾತಿ ನಾಯಿಗಳು. ಆದರೆ ಮೂಡಿಗೆರೆಯಲ್ಲಿ ನಡೆಯಲಿದ್ದ ಜನಪ್ರತಿನಿಧಿಗಳ ಶ್ವಾನ ಸ್ಪರ್ಧೆಗೆ ಜಾತಿ ನಾಯಿ ಆಗುವುದಿಲ್ಲವಂತೆ. ಬೀದಿಯಿಂದಲೋ ತೋಟದಿಂದಲೋ ಎತ್ತಿ ತಂದು ಸಾಕಿದ ನಾಡನಾಯಿಯೇ ಬೇಕಂತೆ. ಪಕ್ಷಭೇದವಿಲ್ಲ, ಗೆದ್ದವರೂ ಬರಬಹುದು, ಸೋತವರೂ ಬರಬಹುದು. ಸುಮ್ಮನೆ ತಮಾಷೆಗೆ, ಜನರಿಗೆ ನಾಯಿಗಳ ಮೇಲೆ ಪ್ರೀತಿ ಬರಲಿ ಅಂತ. ಪ್ರಸನ್ನಕುಮಾರರು ಜಿಲ್ಲಾ ಪಂಚಾಯ್ತಿಗೆ ಒಮ್ಮೆ ಗೆದ್ದು ಒಮ್ಮೆ ಸೋತವರು, ಈಗ ವಿಧಾನಸಭೆ ಟಿಕೇಟಿನ ಮೇಲೆ ಕಣ್ಣಿಟ್ಟವರು. ಟೀವಿಯವರು ಬರುತ್ತಾರೆ ಅಂದ ಮೇಲೆ ಅವರು ಬಿಟ್ಟಾರೆಯೇ?

ಹಾಗಾಗಿ ಜಾವಳಿ ಹತ್ತಿರದ ಅವರ ಕಾಫಿ ಎಸ್ಟೇಟಿನ ಕೂಲಿ ಲೈನಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ರೈಟರ್ ಧರ್ಮೇಶ್ ಒಂದು ಬೆಳಿಗ್ಗೆ ಬಂದ. ಆ ಎಸ್ಟೇಟಿನ ಹಾಜರಿ, ಬಟವಾಡೆ, ಬೈಗುಳ ಎಲ್ಲವೂ ಅವನ ಕೈಯಲ್ಲೇ. ಅವನ ಹಿಂದೆ ಸಾಹುಕಾರ ಪ್ರಸನ್ನಕುಮಾರರ ಮಗಳು ಗಗನಾ ಇದ್ದಳು. ಸ್ಪರ್ಧೆ ನಡೆಸುವ ಪ್ರಾಣಿಪ್ರಿಯರ ಸಂಘದಲ್ಲಿ ಅವಳೂ ಒಬ್ಬಳು. ಚಿಕ್ಕಂದಿನಿಂದ ಹೊರಗೇ ಇದ್ದವಳು, ಓದು ಮುಗಿಸಿ ಊರಿಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಒಳ್ಳೆಯ ಹುಡುಗಿ. ತೊಂದರೆ ಆಗಿದ್ದೇ ಅಲ್ಲಿ.

ಲೈನಿನ ಕೊನೆಯ ಮನೆಯ ಮುಂದೆ ಕೆಂಪಿ ಮಲಗಿತ್ತು. ಕೆಂಪು ಬಣ್ಣದ, ಕಿವಿ ನೆಟ್ಟಗಿರುವ ಹೆಣ್ಣು ನಾಯಿ. ಗಗನಾ ಬಗ್ಗಿ ಅದರ ತಲೆ ಸವರಿದಳು. ಕೈ ಕೊರಳಿಗೆ ಹೋದದ್ದೇ ಚಿಟ್ಟನೆ ಚೀರಿದಳು.

"ಅಯ್ಯೋ, ಏನಿದು? ಕೊರಳಿಗೆ ಮರ ಕಟ್ಟಿದಾರಲ್ಲ! ಯಾರು ಕಟ್ಟಿದ್ದು?"

ಆ ಮನೆಯ ಕುಸುಮಾ ಕೊಯ್ಲಿನ ಚೀಲ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದವಳು ಧರ್ಮೇಶನ ಮುಖ ನೋಡಿದಳು. ಧರ್ಮೇಶ್ ಕಾಫಿ ಗಿಡಗಳನ್ನು ನೋಡಿದ.

"ಲೈನಿನೋರು ಹಂಗೇ ಅಮ್ಮಾ. ತಿಳುವಳಿಕೆ ಇಲ್ಲ. ಏನೇನೋ ಕಟ್ತಾರೆ," ಅಂದ.

ಕುಸುಮಾ ಚೀಲದ ಗಂಟನ್ನು ಇನ್ನಷ್ಟು ಬಿಗಿದಳು. ಗಗನಾ ತಾನೇ ಚಾಕು ತರಿಸಿ ಹಗ್ಗ ಕತ್ತರಿಸಿದಳು. ಹಗ್ಗದಡಿ ಕೂದಲು ಹೋಗಿ ಮಾಂಸ ಕೆಂಪಗೆ ಕಂಡಿತು. ಗಗನಾಳ ಕಣ್ಣಲ್ಲಿ ನೀರು ಬಂತು. "ಇವಳನ್ನ ನಾನು ವಾಸಿ ಮಾಡ್ತೀನಿ. ಸ್ಪರ್ಧೆ ಮುಗಿದ ಮೇಲೆ ವಾಪಸ್ ಕಳಿಸ್ತೀನಿ ಕುಸುಮಾ, ಪ್ರಾಮಿಸ್," ಅಂದು ಕೆಂಪಿಯನ್ನು ಎದೆಗೆ ಅವುಚಿಕೊಂಡು ಜೀಪು ಹತ್ತಿದಳು.

ಆ ಕೊರಡಿನ ವಿಷಯ ಇಲ್ಲೇ ಹೇಳಿಬಿಡಬೇಕು. ಪ್ರಸನ್ನಕುಮಾರರ ಎಸ್ಟೇಟಿನಲ್ಲಿ ಲೈನಿನ ನಾಯಿ ಹಾಗೇ ಓಡಾಡುವಂತಿಲ್ಲ. ಕೊರಳಿಗೆ ಹಗ್ಗ ಬಿಗಿದು ಸಿಲ್ವರ್ ಓಕ್ ಮರದ ತುಂಡೊಂದನ್ನು ಅಡ್ಡ ತೂಗುಬಿಡಬೇಕು. ನಾಯಿ ನಡೆದರೆ ಅಡ್ಡಿಯಿಲ್ಲ, ಓಡಿದರೆ ಕೊರಡು ಮುಂಗಾಲಿನ ಗಂಟಿಗೆ ಬಡಿಯುತ್ತದೆ. ತುಡುಗು ದನಕ್ಕೆ ಹೀಗೆ ಕಟ್ಟುವುದು ಎಲ್ಲ ಕಡೆಯೂ ಇದೆ. ನಾಯಿಗೂ ಕಟ್ಟಿಸಿದ್ದು ಸಾಹುಕಾರರ ಸ್ವಂತ ಬುದ್ಧಿ. ಲೈನಿನ ನಾಯಿ ಬಂಗಲೆಯ ಜಾತಿ ನಾಯಿಗಳ ಜೊತೆ ಬೆರೆಯಬಾರದು. ದೇವರಮನೆ ಬೆಟ್ಟ ನೋಡಲು ಬಂದು ಹೋಮ್‌ಸ್ಟೇಯಲ್ಲಿ ಇಳಿದವರ ಹಿಂದೆ ಓಡಬಾರದು. ಕೊರಡಿಲ್ಲದ ನಾಯಿ ಕಣ್ಣಿಗೆ ಬಿದ್ದರೆ ಕೋವಿ.

ಕುಸುಮಾಳ ಮೊದಲಿನ ನಾಯಿ ಹೋಗಿದ್ದು ಹಾಗೆಯೇ. ಮಳೆಗೆ ಹಗ್ಗ ನೆಂದು ಕೊರಳು ಕೊಳೆತು ಹುಳ ಬಿದ್ದಿತ್ತು. ನಾಲ್ಕು ದಿನ ಗಾಳಿಯಾಡಲಿ ಅಂತ ಬಿಚ್ಚಿದಳು. ಮರುದಿನ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಹಿಂದೆ ಕೋವಿ ಸದ್ದಾಯಿತು. ಹೂಳಲು ಗುಂಡಿ ತೋಡಿದ್ದೂ ಅವಳೇ. ಆಮೇಲೆ ಕೆಂಪಿ ಬಂತು. ಮರಿಯಾಗಿದ್ದಾಗಲೇ ಕೊರಡು ಕಟ್ಟಿದಳು. ಹಗ್ಗಕ್ಕೆ ಹಳೇ ಸೀರೆಯ ಚೂರು ಸುತ್ತಿದಳು, ಹೊಂಗೆ ಎಣ್ಣೆ ಸವರಿದಳು, ಸಾಹುಕಾರರನ್ನು ಬೈದಳು, ಧರ್ಮೇಶನನ್ನು ಬೈದಳು, ಕೊನೆಗೆ ತನ್ನ ಕೈಗಳನ್ನೇ ಬೈದುಕೊಂಡಳು. ಏನೇ ಆದರೂ ಕಟ್ಟಿದ ಕೈ ಅವಳದ್ದು.

ಕೆಂಪಿ ಇಲ್ಲದೆ ಆ ಮನೆ ನಡೆಯುತ್ತಿರಲಿಲ್ಲ. ಕುಸುಮಾಳ ಗಂಡ ತಮ್ಮಯ್ಯ ಬಳ್ಳಿಯ ಕಾಳುಮೆಣಸು ಕೊಯ್ಯುವಾಗ ಸಿಲ್ವರ್ ಮರದಿಂದ ಬಿದ್ದವನು. ಒಂಟಿ ಬಿದಿರಿನ ಏಣಿ ಜಾರಿತ್ತು. ಸೊಂಟದ ಕೆಳಗೆ ಜೀವವಿಲ್ಲ. ಸಾಹುಕಾರರು ಆಸ್ಪತ್ರೆಗೆ ಜೀಪು ಕೊಟ್ಟರು, ಅದನ್ನು ಇವತ್ತಿಗೂ ಹೇಳುತ್ತಾರೆ. ಹೆಂಡತಿ ಕೆಲಸಕ್ಕೆ ಬರುತ್ತಿರುವವರೆಗೆ ಮಾತ್ರ ಲೈನಿನ ಮನೆ. ಕುಸುಮಾ ಕೊಯ್ಲಿಗೆ ಹೋದರೆ ಸಂಜೆಯವರೆಗೆ ಆ ಮನೆಯಲ್ಲಿ ತಮ್ಮಯ್ಯ, ಅವನ ಪಕ್ಕದಲ್ಲಿ ಕೆಂಪಿ. ಅವನು ಮಂಚದಿಂದ ಜಾರಿದರೆ ಕೆಂಪಿ ಗಿಡಗಳ ಸಾಲು ಹಿಡಿದು ಬಂದು ಕುಸುಮಾಳ ಸೀರೆ ಎಳೆಯುತ್ತಿತ್ತು. ಕೊರಡು ಬಡಿದುಕೊಂಡು ಕುಂಟುತ್ತಾ ಬರುತ್ತಿತ್ತು. ಆನೆ ಬಂದರೆ ಎಲ್ಲರಿಗಿಂತ ಮೊದಲು ಬೊಗಳುತ್ತಿತ್ತು.

ಕೆಂಪಿ ಬಂಗಲೆ ಸೇರಿದ ಮೇಲೆ ತಮ್ಮಯ್ಯ ಒಂದು ದಿನ ಮಂಚದಿಂದ ಬಿದ್ದ. ಯಾರಿಗೂ ಗೊತ್ತಾಗಲಿಲ್ಲ. ಕುಸುಮಾ ಕಾಫಿ ಹಣ್ಣಿನ ಮೂಟೆ ತೂಕಕ್ಕೆ ಹಾಕಿ ಬರುವಾಗ ಅವನು ತನ್ನ ಉಚ್ಚೆಯಲ್ಲೇ ಮುಖ ಕೆಳಗಾಗಿ ಬಿದ್ದಿದ್ದ. ಅವಳು ನೀರು ಕಾಯಿಸಿ ಒರೆಸುವಾಗ ಕೇಳಿದ: "ಕೆಂಪಿ ಯಾವತ್ತು ಬರ್ತದೆ?"

"ಅಮ್ಮಾವ್ರು ಮಾತು ಕೊಟ್ಟಿದಾರೆ. ಸ್ಪರ್ಧೆ ಮುಗೀಲಿ," ಅಂದಳು ಕುಸುಮಾ. ಅಷ್ಟೇ ಅವಳಿಗೆ ಬೇಕಾಗಿದ್ದು. ಕೆಂಪಿ ಮನೆಗೆ ಬರಬೇಕು.

ಬಂಗಲೆಯಲ್ಲಿ ಕೆಂಪಿಗೆ ಕೋಳಿ ಅನ್ನ, ಸ್ನಾನ, ಇಂಜೆಕ್ಷನ್, ಮಲಗಲು ಹಾಸಿಗೆ. ರೋಬಸ್ಟಾ ಅಂತ ಕಾಫಿ ತಳಿಯದ್ದೇ ಹೊಸ ಹೆಸರು. ಎಲ್ಲವೂ ಆಯಿತು, ಆದರೆ ಪ್ರಸನ್ನಕುಮಾರರು ಹಗ್ಗ ಹಿಡಿದರೆ ಮಾತ್ರ ರೋಬಸ್ಟಾ ಕೂತಲ್ಲಿಂದ ಏಳುತ್ತಿರಲಿಲ್ಲ. ಬಿಸ್ಕತ್ತು ಕೊಟ್ಟರು, ಗದರಿದರು, ಧರ್ಮೇಶ್ ಹಿಂದಿನಿಂದ ಕಾಲಲ್ಲಿ ನೂಕಿ ನೋಡಿದ. ಕಡೆಗೆ ಸ್ಪರ್ಧೆಯ ದಿನ ಕುಸುಮಾಳಿಗೆ ಕೆಲಸ ಬಿಡಿಸಿ, ಒಗೆದ ಸೀರೆ ಉಡಲು ಹೇಳಿ, ಪಿಕಪ್ಪಿನ ಹಿಂದೆ ಹತ್ತಿಸಿಕೊಂಡು ಹೋದರು. ಕೆಂಪಿ ಮುಂದಿನ ಕಾರಿನಲ್ಲಿ ಗಗನಾಳ ತೊಡೆಯ ಮೇಲೆ ಹೋಯಿತು.

ಮೂಡಿಗೆರೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬಲೂನು, ಮೈಕು, ಕೆಂಪು ಹಾಸು. ಕುಸುಮಾ ನಿಲ್ಲಬೇಕಾದ ಜಾಗವನ್ನು ಧರ್ಮೇಶ್ ತೋರಿಸಿದ: ವೇದಿಕೆಯ ಹಿಂದೆ, ಪರದೆಯ ಮರೆ. "ನಾಯಿಗೆ ನಿನ್ನ ವಾಸನೆ ಸಿಕ್ಕಿದ್ರೆ ಸಾಕು. ಕ್ಯಾಮೆರಾಗೆ ಸಿಗ್ಬಾರ್ದು ನೀನು."

ಪರದೆಯ ಸಂದಿಯಿಂದ ಅವಳಿಗೆ ಎಲ್ಲ ಕಾಣುತ್ತಿತ್ತು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಬೇಕು? ಕಳಸದ ಕಡೆಯ ಮುಖಂಡರೊಬ್ಬರು ಬೊಜ್ಜು ಬಂದ ಕಪ್ಪು ನಾಯಿ ತಂದಿದ್ದರು. ಹೆಸರೇನು ಅಂತ ನಿರೂಪಕ ಕೇಳಿದ. "ಅಧ್ಯಕ್ಷ ಅಂತ. ಕುರ್ಚಿ ಬಿಟ್ಟು ಏಳಲ್ಲ," ಅಂದರು. ಮೈದಾನವೆಲ್ಲ ನಕ್ಕಿತು. ವಸ್ತಾರೆ ಕಡೆಯಿಂದ ಬಂದಿದ್ದ ಮಾಜಿ ಸದಸ್ಯೆಯ ನಾಯಿ ಎದುರು ಪಕ್ಷದವರ ಪಂಚೆ ನೆಕ್ಕಿತು. "ಮೇಡಂ, ನಿಮ್ಮ ನಾಯಿ ಪಕ್ಷ ಬಿಡ್ತಾ ಇದೆ!" ಅಂದ ನಿರೂಪಕ. "ಟಿಕೇಟ್ ಕೊಡಲ್ಲ ಅಂದಿದ್ದೆ, ಅದಕ್ಕೇ," ಅಂದರು ಆಯಮ್ಮ. ಪರದೆಯ ಹಿಂದೆ ಕುಸುಮಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಎಷ್ಟು ದಿನವಾಗಿತ್ತೋ ಅವಳು ನಕ್ಕು.

ನಾಯಿಗಳಿಗೆ ತಟ್ಟೆಯಲ್ಲಿ ಮಾಂಸದ ಅನ್ನ ಬಂತು. ಮುಖಂಡರಿಗೆ ಶಾಮಿಯಾನದ ಆಚೆ ಊಟದ ಟೇಬಲ್ಲು. ಕುಸುಮಾ ಬೆಳಿಗ್ಗೆ ಟೀ ಕುಡಿದು ಹೊರಟವಳು. "ಎಲ್ಲ ಮುಗೀಲಿ, ಉಳಿದಿದ್ರೆ ಕೊಡಿಸ್ತೀನಿ," ಅಂದ ಧರ್ಮೇಶ್.

ಪ್ರಸನ್ನಕುಮಾರರ ಸರದಿ ಬಂತು. ಬಿಳಿ ಜುಬ್ಬ, ಕೊರಳಲ್ಲಿ ಶಾಲು. ಕೆಂಪಿಯ ಕೊರಳಿಗೆ ಆ ಶಾಲಿನ ಬಣ್ಣದ್ದೇ ಅಗಲ ಪಟ್ಟಿ. ಪರದೆಯ ಹಿಂದಿನಿಂದ ಕುಸುಮಾಳ ವಾಸನೆ ಹಿಡಿದು ಕೆಂಪಿ ಸಾಹುಕಾರರನ್ನು ಎಳೆದುಕೊಂಡೇ ಬಂತು. ಜನ ಚಪ್ಪಾಳೆ ತಟ್ಟಿದರು. ತೀರ್ಪುಗಾರರಾಗಿದ್ದ ನಿವೃತ್ತ ಪಶುವೈದ್ಯ ಓಂಕಾರಮೂರ್ತಿಗಳು ಬಗ್ಗಿ ಹಲ್ಲು ನೋಡಿದರು, ಕಿವಿ ನೋಡಿದರು. ಪಟ್ಟಿ ಸರಿಸಿದರು. ಅವರ ಮುಖ ಗಂಟಾಯಿತು.

"ಏನಿದು ಗಾಯ? ವರ್ಷಗಟ್ಟಲೆ ಹಗ್ಗ ಉಜ್ಜಿದ ಗಾಯ ಇದು. ಯಾರು ಮಾಡಿದ್ದು?"

ಮೈಕು ಆನ್ ಆಗಿತ್ತು. ಮೈದಾನಕ್ಕೆಲ್ಲ ಕೇಳಿಸಿತು. ಪ್ರಸನ್ನಕುಮಾರರು ಶಾಲು ಸರಿಮಾಡಿಕೊಂಡರು. ರಾಜಕಾರಣದಲ್ಲಿ ಪಳಗಿದ ಮನುಷ್ಯ. ಮೈಕು ತಾವೇ ತೆಗೆದುಕೊಂಡರು.

"ಡಾಕ್ಟ್ರೇ, ನೀವು ಕೇಳಿದ್ದು ಒಳ್ಳೇದೇ ಆಯ್ತು. ನಮ್ಮ ಲೈನಿನ ಜನ ಪಾಪ, ಓದು ಬರಹ ಇಲ್ಲ. ನಾಯಿ ಕೊರಳಿಗೆ ಮರದ ಕೊರಡು ಕಟ್ತಾರೆ. ಕಣ್ಣಾರೆ ನೋಡಿ ನನ್ನ ಮಗಳು ಅತ್ತಳು. ಅವತ್ತೇ ಈ ಜೀವವನ್ನ ನಾವು ಬಿಡಿಸಿ ತಂದ್ವಿ."

ಮೈದಾನದ ತುಂಬ ಅಯ್ಯೋ ಪಾಪ. ನಿರೂಪಕನಿಗೆ ಉಮೇದು ಬಂತು. "ಆ ನಾಯಿ ಸಾಕಿದೋರು ಇಲ್ಲಿಗೇನಾದ್ರೂ ಬಂದಿದಾರಾ ಸಾರ್?"

ಸಾಹುಕಾರರು ಇಲ್ಲ ಅನ್ನುವಷ್ಟರಲ್ಲಿ ಗಗನಾ ಪರದೆ ಸರಿಸಿಬಿಟ್ಟಳು. ಕುಸುಮಾಳ ಕೈ ಹಿಡಿದುಕೊಂಡಳು. ಗಗನಾಳದ್ದು ಮೆತ್ತಗಿನ ಕೈ.

"ಬಾ ಕುಸುಮಾ, ಹೆದರಬೇಡ. ನಿನ್ನನ್ನ ಯಾರೂ ಬೈಯಲ್ಲ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳು, ಇನ್ನು ಮಾಡಲ್ಲ ಅಂತ ಪ್ರಮಾಣ ಮಾಡು. ನಿನ್ನ ನೋಡಿ ಎಷ್ಟೋ ಜನ ತಿದ್ಕೋತಾರೆ."

"ಅಮ್ಮಾ, ಅದು ನಾನು…" ಅಂದಳು ಕುಸುಮಾ. ಹಿಂದಿನಿಂದ ಧರ್ಮೇಶ್ ಅವಳ ಕಿವಿಯ ಹತ್ತಿರ ಬಂದ. ಅವನ ಬಾಯಿಂದ ಎಲೆಅಡಿಕೆ ವಾಸನೆ ಬಂತು. "ಹೇಳಿದಷ್ಟು ಹೇಳು. ನಾಯಿ ಸಿಗ್ತದೆ. ಬಾಲ ಬಿಚ್ಚಿದ್ಯೋ, ನಾಯಿನೂ ಇಲ್ಲ, ಲೈನ್ ಮನೆನೂ ಇಲ್ಲ. ಗಂಡನ್ನ ಎಲ್ಲಿ ಮಲಗಿಸ್ತೀಯ, ಬಸ್‌ಸ್ಟ್ಯಾಂಡಲ್ಲಾ?"

ಕುಸುಮಾ ವೇದಿಕೆ ಹತ್ತಿದಳು. ಬರಿಗಾಲು. ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಬಂದಿದ್ದಳು. ಬಿಟ್ಟು ಬಾ ಅಂತ ಯಾರೂ ಹೇಳಿರಲಿಲ್ಲ. ಎದುರಿಗೆ ಫೋನುಗಳು ಎದ್ದವು. ಬಲಗೈ ಮುಂದೆ ಚಾಚು ಅಂದರು, ಚಾಚಿದಳು. ಕಾಫಿ ಹಣ್ಣಿನ ಅಂಟು ಹತ್ತಿ ಕಪ್ಪಾದ ಕೈ. ನಿರೂಪಕ ಒಂದೊಂದೇ ಮಾತು ಹೇಳಿಕೊಟ್ಟ. ಶಾಲೆ ಮಕ್ಕಳಿಗೆ ಹೇಳಿಕೊಟ್ಟಂತೆ.

"ತಿಳಿಯದೆ ತಪ್ಪು ಮಾಡಿದೆ."

ತಿಳಿಯದೆ? ಅವಳಿಗೆ ಎಲ್ಲ ತಿಳಿದಿತ್ತು. ಕಟ್ಟುವಾಗಲೂ ತಿಳಿದಿತ್ತು, ಈಗಲೂ ತಿಳಿದಿದೆ. ಮೊದಲ ಸಾಲಿನಲ್ಲಿ ಕೂತ ಪ್ರತಿಯೊಬ್ಬ ಪ್ಲಾಂಟರಿಗೂ ತಿಳಿದಿತ್ತು. ಅವರ ಮುಖದಲ್ಲಿ ಒಂದು ಸಣ್ಣ ನಗು ಇತ್ತು. ಕೆಂಪಿ ಅವಳ ಸೀರೆಯ ಅಂಚಿಗೆ ಮೂಗು ಒತ್ತಿ ಬಾಲ ಆಡಿಸುತ್ತಿತ್ತು.

"ತಿಳಿಯದೆ ತಪ್ಪು ಮಾಡಿದೆ," ಅಂದಳು ಕುಸುಮಾ. "ಇನ್ಮುಂದೆ ಮೂಕ ಪ್ರಾಣಿಗೆ ಹಿಂಸೆ ಕೊಡಲ್ಲ."

ಅವತ್ತಿನ ದೊಡ್ಡ ಚಪ್ಪಾಳೆ ಅವಳಿಗೇ ಬಿತ್ತು. ಯಾರೋ ಹೆಂಗಸು ಬಂದು ಅವಳ ಭುಜ ತಟ್ಟಿ ಫೋಟೋ ತೆಗೆಸಿಕೊಂಡಳು. ಅವಮಾನವೆಂದರೆ ಬೈಗುಳ ಅಂತ ಅವಳು ಅಷ್ಟು ದಿನ ತಿಳಿದಿದ್ದಳು. ಮೆಚ್ಚಿ ಬೆನ್ನು ತಟ್ಟಿದಾಗ ಬೆನ್ನು ಸುಡುತ್ತದೆ ಎಂದು ಅವತ್ತು ಗೊತ್ತಾಯಿತು.

ಪ್ರಸನ್ನಕುಮಾರರಿಗೆ ಕರುಣಾಮಯಿ ನಾಯಕ ಎಂಬ ಬಹುಮಾನ ಬಂತು. ಚಪ್ಪಾಳೆಯ ಬಿಸಿ ಅವರ ತಲೆಗೇರಿತ್ತು. ಮೈಕು ಬಿಡಲು ಮನಸ್ಸಾಗಲಿಲ್ಲ.

"ಇಷ್ಟಕ್ಕೇ ನಿಲ್ಲಿಸಲ್ಲ ನಾನು. ಇವತ್ತು ಈ ವೇದಿಕೆಯಿಂದಲೇ ಘೋಷಣೆ ಮಾಡ್ತೀನಿ. ನನ್ನ ಎಸ್ಟೇಟಿನ ಲೈನಿನಲ್ಲಿ ಇನ್ನು ಒಂದು ನಾಯಿಯೂ ನರಳಬಾರದು. ಎಲ್ಲವನ್ನೂ ನಾಳೆ ಬೆಳಿಗ್ಗೆಯೇ ಚಿಕ್ಕಮಗಳೂರು ಹತ್ತಿರದ ಪ್ರಾಣಿಗಳ ಶೆಲ್ಟರ್‌ಗೆ ಸೇರಿಸ್ತೀನಿ. ಖರ್ಚು ನನ್ನದು. ನಮ್ಮ ರೋಬಸ್ಟಾಳೇ ಮೊದಲು!"

ಕುಸುಮಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಗಗನಾಳ ಹಿಂದೆ ಕಾರಿನವರೆಗೂ ಓಡಿದಳು.

"ಅಮ್ಮಾ, ವಾಪಸ್ ಕೊಡ್ತೀನಿ ಅಂದಿದ್ರಿ. ಮಾತು ಕೊಟ್ಟಿದ್ರಿ. ನನ್ನ ಗಂಡಂಗೆ ಅದು ಬೇಕು ಅಮ್ಮಾ."

ಗಗನಾಳ ಮುಖ ಸಣ್ಣದಾಯಿತು. "ಅಪ್ಪ ಹೀಗೆ ಹೇಳ್ತಾರೆ ಅಂತ ನಂಗೂ ಗೊತ್ತಿರಲಿಲ್ಲ ಕುಸುಮಾ. ಆದ್ರೆ ಯೋಚನೆ ಮಾಡು. ಅಲ್ಲಿ ಹೊತ್ತೊತ್ತಿಗೆ ಊಟ, ಡಾಕ್ಟ್ರು ದಿನಾ ಬರ್ತಾರೆ, ಸೋರದ ಸೂರು, ಚಳಿಗೆ ಕಂಬಳಿ. ನಿನ್ನ ಮನೇಲಿ ಅವಳಿಗೆ ಏನಿದೆ? ನಿಜವಾಗ್ಲೂ ಅವಳ ಮೇಲೆ ಪ್ರೀತಿ ಇದ್ರೆ ನೀನೇ ಕಳಿಸ್ಕೊಡಬೇಕು."

ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಕೆಂಪಿಯ ಮೂಗು ಕಾಣುತ್ತಿತ್ತು.

ಸುದ್ದಿ ಅವಳಿಗಿಂತ ಮುಂಚೆ ಲೈನು ಮುಟ್ಟಿತ್ತು. ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ನೀರಿನ ನಲ್ಲಿಯ ಹತ್ತಿರ ಪಕ್ಕದ ಮನೆ ರಜನಿ ಕೊಡ ಕುಕ್ಕಿ ಕೇಳಿದಳು:

"ಸ್ಟೇಜ್ ಹತ್ತಿ ಒಪ್ಕೊಂಡು ಬಂದ್ಯಲ್ಲ ಮಾರಾಯ್ತಿ! ಕೊರಡು ಕಟ್ಕೊಂಡಾದ್ರೂ ನಾಯಿ ಇತ್ತು. ಈಗ ಎಲ್ಲರದ್ದೂ ಹೋಯ್ತು. ಆನೆ ಬಂದ್ರೆ ಯಾರು ಬೊಗಳ್ತಾರೆ, ನೀನಾ?"

ಕುಸುಮಾ ಮನೆಯೊಳಗೆ ಹೋದಳು. ಒಲೆ ಹಚ್ಚಿದಳು. ತಮ್ಮಯ್ಯನಿಗೆ ಗಂಜಿ ತಿನ್ನಿಸಿದಳು. ಅವನೂ ಫೋನಿನಲ್ಲಿ ನೋಡಿದ್ದ. "ಹೋಗ್ಲಿ ಬಿಡು. ಮನೆ ಉಳೀತಲ್ಲ," ಅಂದ. ಆ ಮಾತು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಎಂಥ ಮನೆ? ಹೆಂಚು ಒಡೆದು ಮಂಚದ ಮೇಲೇ ನೀರು ಬೀಳುವ ಮನೆ. ಅವಳ ಕೈ ಸೋತರೆ ಮಾರನೇ ದಿನ ಬೀಗ ಬೀಳುವ ಮನೆ. ಇದು ಉಳಿಯಲಿ ಅಂತ ಅವಳು ಅಷ್ಟು ಜನರ ಮುಂದೆ ಕಟುಕಿಯಾಗಿದ್ದಳು.

ಬೆಳಿಗ್ಗೆ ಹಾಜರಿಯ ಹೊತ್ತಿಗೆ ಪಿಕಪ್ ಬಂತು. ಹಿಂದೆ ಕೆಂಪಿಯನ್ನು ಆಗಲೇ ಕಟ್ಟಿದ್ದರು. ಧರ್ಮೇಶ್ ಇಳಿದು ಒಂದೊಂದೇ ಮನೆಯ ಮುಂದೆ ನಿಂತು ನಾಯಿಗಳನ್ನು ಎಳೆಸಿದ. ಕೊರಡುಗಳನ್ನು ಕತ್ತರಿಸಿ ಅಂಗಳಕ್ಕೆ ಎಸೆದರು. ಮಕ್ಕಳು ಅತ್ತವು. ಗಗನಾ ಫೋನ್ ಹಿಡಿದು ವಿಡಿಯೋ ಮಾಡುತ್ತಿದ್ದಳು. "ಅಳಬೇಡಿ, ಅವಕ್ಕೆ ಅಲ್ಲಿ ತುಂಬಾ ಚೆನ್ನಾಗಿರುತ್ತೆ," ಅಂತ ಮಕ್ಕಳ ತಲೆ ಸವರುತ್ತಿದ್ದಳು. ಗಂಡಸರು ಕೈಕಟ್ಟಿ ನಿಂತಿದ್ದರು. ಮನೆ ಎಲ್ಲರಿಗೂ ಬೇಕಲ್ಲ.

ಕೆಂಪಿ ಕುಸುಮಾಳನ್ನು ಕಂಡು ಹಗ್ಗ ಜಗ್ಗಿ ಕುಂಯ್‌ಗುಟ್ಟಿತು.

ಕುಸುಮಾ ಸೊಂಟಕ್ಕೆ ಕಟ್ಟಿದ್ದ ಕೊಯ್ಲಿನ ಚೀಲ ಬಿಚ್ಚಿ ಅಂಗಳದಲ್ಲಿ ಬಿಸಾಕಿದಳು. ಒಳಗೆ ಹೋದಳು. ಮಂಚದ ಪಕ್ಕ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು, "ಕೊರಳು ಹಿಡ್ಕೊಳ್ಳಿ," ಅಂದಳು.

"ಎಲ್ಲಿಗೇ?" ಅಂದ ತಮ್ಮಯ್ಯ.

"ಡಾಕ್ಟ್ರು ದಿನಾ ಬರೋ ಕಡೆಗೆ."

ಹಣ್ಣಿನ ಮೂಟೆ ಹೊತ್ತು ಅಭ್ಯಾಸವಾದ ಬೆನ್ನು. ಆದರೆ ಮೂಟೆಯ ಭಾರ ಬೇರೆ, ಜೀವದ ಭಾರ ಬೇರೆ. ಹೊಸ್ತಿಲು ದಾಟುವಾಗ ಮಂಡಿ ಕುಸಿಯಿತು. ಹಲ್ಲು ಕಚ್ಚಿ ಎದ್ದಳು. ಅವನ ಕಾಲುಗಳು ಹಿಂದೆ ನೆಲದ ಮೇಲೆ ಎಳೆದುಕೊಂಡು ಬಂದವು. ಲೈನಿನವರೆಲ್ಲ ನೋಡುತ್ತಿದ್ದಂತೆಯೇ ಅಂಗಳ ದಾಟಿ, ಪಿಕಪ್ಪಿನ ಹಲಗೆಗೆ ಅವನನ್ನು ಒರಗಿಸಿ, ತಾನು ಹತ್ತಿ, ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಕೆಂಪಿಯ ಪಕ್ಕ ಕೂರಿಸಿದಳು. ಕೆಂಪಿ ಅವನ ಮುಖವೆಲ್ಲ ನೆಕ್ಕಿತು.

ಧರ್ಮೇಶ್ ಓಡಿ ಬಂದ. "ಏ, ತಲೆ ಕೆಟ್ಟಿದೆಯೇನೇ ನಿಂಗೆ? ಇಳ್ಸು ಅವನ್ನ."

"ಇಳ್ಸಲ್ಲ."

"ಮನೆ ಖಾಲಿ ಮಾಡ್ಬೇಕಾಗ್ತದೆ ನೋಡು!"

"ಅದನ್ನೇ ಮಾಡ್ತಾ ಇರೋದು ರೈಟ್ರೇ. ಕಣ್ಣು ಕಾಣಲ್ವಾ?"

ಗಗನಾ ಫೋನ್ ಕೆಳಗಿಳಿಸಿದಳು. ಪಿಕಪ್ಪಿನ ಹತ್ತಿರ ಬಂದಳು. "ಕುಸುಮಾ, ಏನಿದು? ಪ್ಲೀಸ್, ಇಳಿ."

ಕುಸುಮಾ ಅವಳ ಮುಖವನ್ನೇ ನೋಡಿದಳು. ಅಲ್ಲಿಯವರೆಗೆ ಸಾಹುಕಾರರ ಮನೆಯವರ ಮುಖವನ್ನು ಅವಳು ಹಾಗೆ ನೆಟ್ಟ ಕಣ್ಣಿನಿಂದ ನೋಡಿದ್ದೇ ಇಲ್ಲ.

"ಕೊರಡು ಕಟ್ಸಿದ್ದು ನಿಮ್ಮಪ್ಪ ಅಮ್ಮಾ. ಬಿಚ್ಚಿದ್ರೆ ಗುಂಡು ಹೊಡೆಸ್ತಿದ್ದೋರೂ ನಿಮ್ಮಪ್ಪನೇ. ಬೇಕಾದ್ರೆ ಇಲ್ಲಿ ನಿಂತಿರೋ ಯಾರನ್ನಾದ್ರೂ ಕೇಳಿ. ಅದು ಹೋಗ್ಲಿ. ಅಲ್ಲಿ ಹೊತ್ತೊತ್ತಿಗೆ ಊಟ ಅಂದ್ರಿ. ಡಾಕ್ಟ್ರು ಅಂದ್ರಿ. ಸೋರದ ಸೂರು ಅಂದ್ರಿ. ಈ ಮನುಷ್ಯ ನಿಮ್ಮ ಮರದಿಂದ ಬಿದ್ದೋನು. ಇವನಿಗೂ ಅದೇ ಬೇಕು. ಕರ್ಕೊಂಡು ಹೋಗಿ."

"ಅದು… ಅದು ನಾಯಿಗಳಿಗೆ ಕುಸುಮಾ."

"ಹಂಗಾದ್ರೆ ಬಾಯಿ ಬಿಟ್ಟು ಹೇಳಿ. ಇಲ್ಲಿ ಎಲ್ಲರಿಗೂ ಕೇಳೋ ಹಂಗೆ ಹೇಳಿ. ನಾಯಿಗೆ ಕೊಡ್ತೀವಿ, ನಿನ್ನ ಗಂಡಂಗೆ ಕೊಡಲ್ಲ ಅಂತ ಹೇಳಿ. ಹೇಳಿದ್ರೆ ಇಳೀತೀನಿ."

ಗಗನಾ ಧರ್ಮೇಶನ ಕಡೆ ತಿರುಗಿದಳು. ಅವನು ಈಗಲೂ ಕಾಫಿ ಗಿಡ ನೋಡುತ್ತಿದ್ದ. ಸುತ್ತ ನಿಂತವರ ಕಡೆ ನೋಡಿದಳು. ರಜನಿ ತನ್ನ ಮನೆಯೊಳಗೆ ಹೋಗಿ ಒಂದು ಕಂಬಳಿ ತಂದು, ಪಿಕಪ್ ಹತ್ತಿ ತಮ್ಮಯ್ಯನ ಕಾಲಿನ ಮೇಲೆ ಹೊದಿಸಿದಳು. ಹೊದಿಸಿ ಕೆಳಗೆ ಬರಲಿಲ್ಲ, ಹಲಗೆ ಹಿಡಿದು ಅಲ್ಲೇ ನಿಂತಳು.

ಗಗನಾಳ ತುಟಿ ಅಲುಗಿತು. ಡ್ರೈವರ್ ಇಂಜಿನ್ ಆಫ್ ಮಾಡಿದ.

"ಹೇಳಿ ಅಮ್ಮಾ," ಅಂದಳು ಕುಸುಮಾ. "ನಾವು ಕಾಯ್ತೀವಿ."